ಬಂಪರಿನ ಬಗ್ಗಿದ ತುದಿ

ಮೇಸ್ತ್ರಿಗಳ ಗಡ್ಡದ ಬಲಭಾಗ ಎಡಭಾಗಕ್ಕಿಂತ ಯಾವಾಗಲೂ ಒಂದು ಬೆರಳಷ್ಟು ಗಿಡ್ಡವಾಗಿರುತ್ತಿತ್ತು. ಕುಲುಮೆಯ ಮುಂದೆ ಕುಳಿತಾಗ ಬಲಗೆನ್ನೆಯನ್ನು ಬೆಂಕಿಯ ಕಡೆಗೆ ವಾಲಿಸುವ ಅಭ್ಯಾಸ ಅವರಿಗಿದ್ದುದರಿಂದ, ಮದರಂಗಿ ಹಚ್ಚಿದ ಆ ಕೆಂಪು ಕೂದಲು ಅಲ್ಲಿ ಸುಟ್ಟು ಸುರುಟಿಕೊಂಡಿರುತ್ತಿತ್ತು. ಕ್ಷೌರದವನು ಎರಡೂ ಕಡೆ ಸಮ ಮಾಡುತ್ತೇನೆಂದರೆ ಒಪ್ಪುತ್ತಿರಲಿಲ್ಲ. “ಬೆಂಕಿ ಕತ್ರಿಸಿದ್ದು ಬೆಂಕಿ ಪಾಲು. ಉಳಿದದ್ನಾದ್ರೂ ನಂಗ ಬುಡು ಮಾರಾಯ” ಎನ್ನುತ್ತಿದ್ದರು.

ಐವತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಗುಂಡ್ಲುಪೇಟೆಯ ಪ್ರೌಢಶಾಲೆಗೆ ಉಪಾಧ್ಯಾಯನಾಗಿ ಬಂದಾಗ ಅವರ ಮನೆಯ ಬೀದಿಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಊರಿನವರು ಅವರನ್ನು ಮೇಸ್ತ್ರಿ ಸಾಬರೆಂದು ಕರೆಯುತ್ತಿದ್ದರು. ನಾನು ಮೇಸ್ತ್ರಿಗಳೇ ಎಂದೆ. ಬಹುಕಾಲ ಕಾಡಿನ ಮರ ಸಾಗಿಸುವ ಲಾರಿಗಳನ್ನು ಓಡಿಸಿ, ಅನಂತರ ಲಾರಿ, ಎತ್ತಿನಗಾಡಿಗಳ ಕಬ್ಬಿಣದ ಕೆಲಸವನ್ನು ಹಿತ್ತಲಲ್ಲಿ ಮಾಡಿಕೊಂಡಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಗೂಡಲೂರಿನಾಚೆಯ ಚಹಾ ತೋಟದ ಡ್ರೈವರೊಬ್ಬನಿಗೆ ಕೊಟ್ಟಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಅವರೊಬ್ಬರೇ ಇದ್ದರು.

ನನ್ನ ಒಂಟಿತನ ಬೇರೆ ಬಗೆಯದು. ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಎಲ್ಲಿ ತಪ್ಪು ಮಾತನಾಡಿಬಿಡುತ್ತೇನೋ ಎಂಬ ಭಯದಿಂದ ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ಬರೆದು ನೋಡಿ ಆಮೇಲೆ ಆಡುತ್ತಿದ್ದೆ; ಅಷ್ಟರಲ್ಲಿ ಎದುರಿನವರ ಮಾತು ಮುಂದಕ್ಕೆ ಹೋಗಿರುತ್ತಿತ್ತು. ಕುದೇರಿನಲ್ಲಿದ್ದ ನಮ್ಮ ಮನೆಗೆ ಹೋದರೆ ಅಪ್ಪ ನನ್ನನ್ನು ಕಂಡು ಎದ್ದು ನಿಲ್ಲುತ್ತಿದ್ದರು. ಹೊಸ ಚಾಪೆ ಹಾಸಿ “ಕೂತ್ಕಳಿ” ಎನ್ನುತ್ತಿದ್ದರು. ನಾನು “ಪರವಾಗಿಲ್ಲ, ತಾವು ಕುಳಿತುಕೊಳ್ಳಿ” ಎನ್ನುತ್ತಿದ್ದೆ. ಬಹಳ ಹೊತ್ತು ಇಬ್ಬರೂ ನಿಂತೇ ಇರುತ್ತಿದ್ದೆವು. ಕ್ರಮೇಣ ನಾನು ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮೇಸ್ತ್ರಿಗಳ ಹಿತ್ತಲಲ್ಲಿ ಹುಣಿಸೆಮರದ ಕೆಳಗೆ ಒಂದು ಹಳೆಯ ಮಿಲಿಟರಿ ಜೀಪು ನಿಂತಿತ್ತು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದದ್ದು. ಪ್ರತಿದಿನ ಬೆಳಿಗ್ಗೆ ಅವರು ಅದರ ಬೆಸುಗೆ ಹಾಕಿದ ರೇಡಿಯೇಟರಿಗೆ ನೀರು ಹಾಕಿ, ಗಾಜು ಒರೆಸಿ, ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸುತ್ತಿದ್ದರು. ಜೀಪು ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಮೂತಿ ಬೋಳಾಗಿತ್ತು. ಮುಂದಿನ ಬಂಪರ್ ಇರಲಿಲ್ಲ; ಅದನ್ನು ಅವರೇ ಹೊಸದಾಗಿ ಮಾಡುತ್ತಿದ್ದರು. ಕೆಟ್ಟು ಬಿದ್ದಿದ್ದ ಲಾರಿಯೊಂದರ ಚಾಸಿಯಿಂದ ಕತ್ತರಿಸಿ ತಂದ ದಪ್ಪನೆಯ ಉಕ್ಕಿನ ಪಟ್ಟಿ, ಆಳುದ್ದಕ್ಕಿಂತ ತುಸು ಕಡಿಮೆ. ಅದರ ಎರಡೂ ತುದಿಗಳನ್ನು ಕಾಯಿಸಿ ಹಿಂದಕ್ಕೆ ಬಾಗಿಸಬೇಕು. ನಡುವೆ ರೇಡಿಯೇಟರಿಗೆ ಅಡ್ಡವಾಗಿ ಕಂಬಿಗಳನ್ನು ಬೋಲ್ಟಿನಿಂದ ಬಿಗಿಯಬೇಕು.

ಅಂತಹ ಉದ್ದನೆಯ ಉಕ್ಕನ್ನು ಒಬ್ಬರೇ ಬಡಿಯಲಾಗದು. ಒಂದು ತುದಿಗೆ ಏಟು ಬಿದ್ದರೆ ಇನ್ನೊಂದು ತುದಿ ಹಾರುತ್ತದೆ. ಆ ತುದಿಯನ್ನು ಅವರು ನೆಲದಲ್ಲಿ ಹೂಳಿದ್ದ ಹುಣಿಸೆಯ ಕವೆಗಂಬವೊಂದಕ್ಕೆ ಕೊಟ್ಟು ಹಗ್ಗದಿಂದ ಬಿಗಿದಿದ್ದರು. ಕಂಬಕ್ಕೆ ಗೂಂಗಾ, ಅಂದರೆ ಮೂಕ, ಎಂದು ಹೆಸರಿಟ್ಟಿದ್ದರು. ಕೆಲಸದ ನಡುವೆ ಅದನ್ನು ಬೈಯುತ್ತಿದ್ದುದು ನನ್ನ ಕೋಣೆಗೆ ಕೇಳಿಸುತ್ತಿತ್ತು.

“ಸರ್ಯಾಗಿ ಇಡ್ಕಳ್ಲಾ ಗೂಂಗಾ! ಇಡ್ಲಿ ತಿಂದೇನ್ಲಾ ಬೆಳಿಗ್ಗ? ಕೈಲಿ ಸತ್ವಾನೇ ಇಲ್ವಲ್ಲಾ!”

ಮೊದಲ ದಿನ ಯಾರೋ ಕೂಲಿಯಾಳನ್ನು ಗದರಿಸುತ್ತಿದ್ದಾರೆಂದು ತಿಳಿದಿದ್ದೆ. ಹಿತ್ತಲಿಗೆ ಹೋಗಿ ನೋಡಿದರೆ ಯಾರೂ ಇರಲಿಲ್ಲ. ಅವರು ನಾಚಿಕೊಳ್ಳಲಿಲ್ಲ.

“ನಮ್ ಎಂಗಸ್ರು ಇದ್ದಾಗ ಅವಳೇ ಇಡ್ಕತಿದ್ಲು ಮೇಷ್ಟ್ರೇ. ಈಗ ಇವ್ನು. ಉಣ್ಣಕ್ಕೂ ಕೇಳಕಿಲ್ಲ, ನನ್ನ ಬೈಯದೂ ಇಲ್ಲ. ಅದೇ ನೋಡಿ ಬ್ಯಾಸ್ರ.”

“ತಮ್ಮ ಅಭ್ಯಂತರವಿಲ್ಲದಿದ್ದರೆ ನಾನು ಹಿಡಿದುಕೊಳ್ಳಬಹುದೇ?” ಎಂದೆ.

ಅವರು ಸುತ್ತಿಗೆಯನ್ನು ನೆಲಕ್ಕಿಟ್ಟು ನಕ್ಕರು. “ಅಲ್ಲ ಮೇಷ್ಟ್ರೇ, ನೀವು ಬಾಯ್ ಬುಟ್ರೆ ಪುಸ್ತ್ಕ ಬುಚ್ಚಿದಂಗಾಯ್ತದಲ್ಲ! ಬನ್ನಿ, ಇಡ್ಕಳಿ. ಪಂಚೆ ಎತ್ತಿ ಕಟ್ಕಳಿ ಮೊದ್ಲು.”

ಹೀಗೆ ಭಾನುವಾರಗಳಂದು ನಾನು ಗೂಂಗಾನ ಕೆಲಸಕ್ಕೆ ನಿಂತೆ. ಉಕ್ಕು ಕಾಯುವ ಹೊತ್ತಿನಲ್ಲಿ, ಅಪ್ಪ ನನ್ನೆದುರು ಎದ್ದು ನಿಲ್ಲುವುದನ್ನೂ ಒಮ್ಮೆ ಅವರಿಗೆ ಹೇಳಿದ್ದೆ. ಹಸಿ ಗೋಣಿಯನ್ನು ಸುತ್ತಿದ ತುದಿಯನ್ನು ಎರಡೂ ಕೈಗಳಿಂದ ಹಿಡಿದಿರುತ್ತಿದ್ದೆ. ಕೆಂಪಗೆ ಕಾದ ಆ ಕಡೆಗೆ ಅವರು ಬಡಿಯುತ್ತಿದ್ದರು. ಪ್ರತಿ ಏಟೂ ಉಕ್ಕಿನೊಳಗೆ ಹರಿದು ನನ್ನ ಮೊಣಕೈಗೆ ಬರುತ್ತಿತ್ತು. ನಾನು ಬೆಂಕಿಯನ್ನೇ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅದಕ್ಕೆ ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಕಬ್ಬುಣ ನೋಡ್ಬೇಡಿ ಮೇಷ್ಟ್ರೇ. ಕಬ್ಬುಣ ಎದ್ರುಸ್ತದ. ಆ ತುದೀಲಿ ಇರೋ ಮನ್ಸನ ಮಕ ನೋಡಿ.”

ಅವರ ಮುಖ ನೋಡುತ್ತ ನಿಂತಾಗ ಹಾರುವ ಏಟಿನ ಭಯ ಕಡಿಮೆಯಾಗುತ್ತಿದ್ದುದು ನಿಜ. ಆದರೂ ಒಂದು ದಿನ ಕೈ ಸೋತು ತುದಿ ಜಾರಿತು. ಕಾದ ಉಕ್ಕು ಅಷ್ಟರಲ್ಲೇ ಬಾಗಿ, ನಾನು ಹಿಡಿದಿದ್ದ ಕಡೆ ತುಸು ಕೆಳಗಿಳಿದಂತಾಯಿತು. ಮತ್ತೆ ಕಾಯಿಸಿ ನೇರ ಮಾಡೋಣವೆಂದು ನಾನು ಒತ್ತಾಯಿಸಿದರೂ ಅವರು ಕೇಳಲಿಲ್ಲ. “ಇರ್ಲಿ ಬುಡಿ. ಯಾರೋ ಒಬ್ರು ಇಡ್ಕಂಡಿದ್ರು ಅಂತ ಗೊತ್ತಾಗ್ಲಿ. ಗೂಂಗಾ ಇಡ್ದಿದ್ರೆ ಬಗ್ಗತಿರ್ಲಿಲ್ಲ.”

ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅವರು ನಿಂತ ಜೀಪಿನಲ್ಲಿ ಸ್ಟೇರಿಂಗ್ ಹಿಡಿದು ಕುಳಿತಿದ್ದರು. “ಅತ್ತಿ ಮೇಷ್ಟ್ರೇ” ಎಂದರು. ಹತ್ತಿ ಪಕ್ಕದಲ್ಲಿ ಕುಳಿತೆ. ಎದುರಿಗಿದ್ದುದು ಹಿತ್ತಲ ಗೋಡೆ. ಅದನ್ನು ನೋಡುತ್ತಲೇ ಅವರು ಹೇಳಿದರು.

ಹೆಂಡತಿ ಜ್ವರದಿಂದ ತೀರಿಕೊಂಡದ್ದು ಒಂದು ಬೆಳಗಿನ ಜಾವ. ಅವರಲ್ಲಿ ಮಣ್ಣು ಮಾಡಲು ತಡ ಮಾಡುವ ಪದ್ಧತಿಯಿಲ್ಲ. ಆದರೂ ಮಗಳು ಬಂದು ತಾಯಿಯ ಮುಖ ನೋಡಲೆಂದು, ಹಿರಿಯರಿಗೆ ಕೈಮುಗಿದು, ಇದೇ ಜೀಪಿನಲ್ಲಿ ಅವಳನ್ನು ಕರೆತರಲು ಹೊರಟರು. ಬಂಡೀಪುರದ ಕಾಡು ನಡುವಿಗೆ ಬಂದಿರಬೇಕು. ತಿರುವಿನಲ್ಲಿ ಕಾಟಿಯೊಂದು, ದೊಡ್ಡ ಕಾಡುಕೋಣ, ಅಡ್ಡ ನುಗ್ಗಿತು. ಜೀಪಿನ ತಗಡಿನಂತಹ ಹಳೆಯ ಬಂಪರ್ ಮುರಿದು ರೇಡಿಯೇಟರಿನೊಳಕ್ಕೆ ಹೊಕ್ಕಿತು. ನೀರೆಲ್ಲ ಸೋರಿಹೋಯಿತು. ಕಾಟಿ ಎದ್ದು ಹೊರಟುಹೋಯಿತು. ಅವರು ಮಧ್ಯಾಹ್ನ ಇಳಿಯುವವರೆಗೆ ರಸ್ತೆಯಲ್ಲೇ ನಿಂತಿದ್ದು, ಕೊನೆಗೆ ಊರ ಕಡೆಗೆ ಬರುತ್ತಿದ್ದ ಮರದ ಲಾರಿಯೊಂದನ್ನು ಹತ್ತಿ ಬರಿಗೈಯಲ್ಲಿ ಮರಳಿದರು. ಇನ್ನೂ ಎಷ್ಟು ಕಾಯುವುದು ಎಂದು ಎಲ್ಲರೂ ಅವರ ಮುಖ ನೋಡಿದರು. “ಎತ್ತಿ” ಎಂದು ಅವರೇ ಹೇಳಿದರು.

“ಮಗಳು ಮಾರ್ನೆ ದಿನ ಬಸ್ನಲ್ಲಿ ಬಂದ್ಲು. ಬಾಗ್ಲಲ್ಲೇ ನಿಂತು, ‘ಒಂದಿನ ಕಾಯಕ್ಕಾಯ್ತಿರ್ಲಿಲ್ವಾ ಅಬ್ಬಾ’ ಅಂದ್ಲು. ಅಷ್ಟೇಯ. ಒಳಕ್ಕೂ ಬರ್ನಿಲ್ಲ, ಅದೇ ಬಸ್ಸತ್ತಿ ಒಂಟೋದ್ಲು.”

“ತಾವು ಬಸ್ಸಿನಲ್ಲಿ ಹೋಗಿ ಅವರನ್ನು ಕಂಡು ಬರಬಹುದಲ್ಲವೇ?”

“ಬಸ್ನಲ್ಲೋಗಿ ಏನಂತ ನಿಂತ್ಕಳ್ಳಿ? ಅವತ್ತು ಯಾವ್ದರಲ್ಲಿ ಒಂಟಿದ್ನೋ ಅದ್ರಲ್ಲೇ ಓಗಿ ಅವಳ್ ಮನೆ ಬಾಗ್ಲು ಮುಟ್ಬೇಕು ಮೇಷ್ಟ್ರೇ. ಬಂಪರ್ ಒಂದು ಆಗ್ಬುಡ್ಲಿ.”

ಬಂಪರ್ ಆಯಿತು. ಇಬ್ಬರೂ ಹಿಡಿದು ಜೀಪಿಗೆ ಕೂರಿಸಿದೆವು. ಮಾರನೆಯ ದಿನ ನೋಡಿದರೆ ಬಿಚ್ಚಿ ಕೆಳಗಿಟ್ಟಿದ್ದರು, ಭಾರ ಹೆಚ್ಚಾಯಿತಂತೆ. ತೂತು ಕೊರೆದು ಭಾರ ಇಳಿಸಿ ಮತ್ತೆ ಕೂರಿಸಿದೆವು. ಮತ್ತೆ ಬಿಚ್ಚಿದರು, ಕಂಬಿ ಗಿಡ್ಡವಾಯಿತಂತೆ. ಆಮೇಲೆ ಬೋಲ್ಟಿನ ತಲೆ ಸರಿಯಿಲ್ಲವಂತೆ. ಬೇಸಿಗೆ ಕಳೆಯಿತು. ಬಿಚ್ಚಿದ ಪ್ರತಿಸಲವೂ ಅವರ ಮುಖದಲ್ಲಿ ಒಂದು ಬಗೆಯ ನಿರಾಳ ಕಾಣುತ್ತಿತ್ತು. ಬಂಪರ್ ಮುಗಿಯದಿರುವಷ್ಟು ಕಾಲ ಅವರು ಹೋಗಬೇಕಾಗಿರಲಿಲ್ಲ.

ಮತ್ತೊಂದು ಭಾನುವಾರ ಅವರು ಬಂಪರ್ ಬಿಚ್ಚಲು ಸ್ಪಾನರ್ ಕೈಗೆತ್ತಿಕೊಂಡಾಗ ನನ್ನ ಬಾಯಿಂದ, ಮನಸ್ಸಿನಲ್ಲಿ ಬರೆದು ನೋಡುವ ಮೊದಲೇ, ಮಾತು ಹೊರಬಂದಿತು.

“ಇದು ಮುಗಿಯಕಿಲ್ಲ ಕಣ ಸಾಬ್ರೇ! ನೀವು ಓಗದೂ ಇಲ್ಲ, ನಂಗ ಗೊತ್ತು. ನಾ ಇನ್ ಇಡ್ಕಳಕಿಲ್ಲ, ಬುಡಿ ಅತ್ಲಾಗಿ!”

ಕುದೇರಿನ ಹೊಲದ ಬದುವಿನ ಮೇಲೆ ನಿಂತು ಕೂಗಿದಂತಿತ್ತು ನನ್ನ ದನಿ. ನಾನೇ ಬೆಚ್ಚಿದೆ. ಅವರು ಸ್ಪಾನರನ್ನು ಹಿಡಿದೇ ನನ್ನ ಕಡೆ ತಿರುಗಿದರು. ಆಮೇಲೆ ಗಿಡ್ಡಗಡ್ಡದ ಕಡೆಯ ತುಟಿ ಮಾತ್ರ ನಕ್ಕಿತು.

“ಇವತ್ತು ಮಾತಾಡುದ್ರಿ ನೋಡಿ ಮೇಷ್ಟ್ರೇ. ಇಷ್ಟ್ ದಿನ ಎಲ್ಲಿ ಮಡಗಿದ್ರಿ ಇವನ್ನ? ನಿಮ್ಮಪ್ಪನ್ ಅತ್ರನೂ ಇಂಗೇ ಮಾತಾಡಿ, ಪಾಪ ಕೂತ್ಕತಾರ.”

ಸ್ಪಾನರನ್ನು ಸೀಟಿನ ಕೆಳಗೆ ಎಸೆದು, ತಲೆಗೊಂದು ಬಟ್ಟೆ ಸುತ್ತಿಕೊಂಡು, ಆ ಕ್ಷಣವೇ ಹೊರಟರು. ಜೀಪು ಬೀದಿ ತಿರುಗಿದ ಮೇಲೆ ಹಿತ್ತಲಲ್ಲಿ ಉಳಿದವರು ನಾನು ಮತ್ತು ಗೂಂಗಾ.

ಅವರು ಮರುದಿನ ಸಂಜೆ ಬಂದರು. ಏನಾಯಿತೆಂದು ಕೇಳಿದೆ.

“ಏನೂ ಆಗ್ನಿಲ್ಲ. ಅವಳ ಬಾಗ್ಲಲ್ಲಿ ನಿಂತೆ. ಅವಳು ನನ್ನ ನೋಡ್ನಿಲ್ಲ, ಬಂಪರ್ ನೋಡಿದ್ಲು. ‘ಈ ಕಡ ಬಗ್ಗದ’ ಅಂದ್ಲು. ಮೇಷ್ಟ್ರು ಇಡ್ಕಂಡಿದ್ರು ಅಂದೆ. ‘ಅಮ್ಮ ಆಗಿದ್ರೆ ಬಗ್ಗತಿರ್ಲಿಲ್ಲ’ ಅಂದ್ಲು. ಆಮೇಲೆ, ಚಾ ಆರೋಯ್ತದ ಒಳಕ್ ಬಾ ಅಂದ್ಲು.” ಅಷ್ಟು ಹೇಳಿ ಬಾವಿಗೆ ಹೋಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು.

ಆ ವಾರದ ಕೊನೆಯಲ್ಲಿ ನಾನು ಬಸ್ಸು ಹತ್ತಿ ಕುದೇರಿಗೆ ಹೋದೆ. ಅಪ್ಪ ಜಗುಲಿಯ ಕಂಬಕ್ಕೆ ಒಂದು ತುದಿ ಕಟ್ಟಿ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಏಳಲು ಹೊರಟರು. ನಾನು ಏನೂ ಹೇಳದೆ ಕಂಬದ ಗಂಟನ್ನು ಬಿಚ್ಚಿ ಆ ತುದಿಯನ್ನು ಹಿಡಿದು, ಅವರ ಮುಖ ನೋಡುತ್ತ ನಿಂತೆ. ಅಪ್ಪ ಸ್ವಲ್ಪ ಹೊತ್ತು ಅನುಮಾನಿಸಿದರು. ಆಮೇಲೆ ಹೊಸೆಯಲು ಕುಳಿತರು. ಹಗ್ಗ ಅರ್ಧ ಆದ ಮೇಲೆ, “ಬಿಗ್ಯಾಗಿ ಇಡ್ಕಳ್ಲಾ” ಎಂದರು. ಪದವಿ ಬಂದ ಮೇಲೆ ಅವರು ನನ್ನನ್ನು ಗದರಿಸಿದ್ದು ಅದೇ ಮೊದಲು.

ಮುಂದೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಬಿಡುವಾದಾಗ ಗುಂಡ್ಲುಪೇಟೆಗೆ ಹೋಗಿ ಅವರನ್ನು ಕಂಡು ಬರುತ್ತಿದ್ದೆ. ಒಂದು ಸಲ ಹೋದಾಗ ಹುಣಿಸೆಮರದ ಕೆಳಗೆ ಜೀಪು ಇರಲಿಲ್ಲ. ಮಾರಿಬಿಟ್ಟಿರೇನೋ ಎಂದು ಕೇಳಿದೆ.

“ಮಾರಕ್ಕ ಮಾಡಿದ್ನಾ ಅಷ್ಟೊಂದು? ಮಗಳ ಮನೇಲಿ ಬುಟ್ಟು ಬಸ್ನಲ್ಲಿ ಬಂದೆ. ನಾ ಓಗದು ಮುಗೀತು ಮೇಷ್ಟ್ರೇ, ಇನ್ನು ಅವಳು ಬರದು ಒಂದು ಅದ. ಅವತ್ತು ಜೀಪು ಈ ಕಡ ಇದ್ರೆ ಏನ್ ಬಂತು? ಆ ಕಡ ಇರ್ಬೇಕು.”

ಅವರು ಯಾವ ದಿನದ ಮಾತನ್ನಾಡುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ದಶಕ ಮುಗಿಯುವ ಹೊತ್ತಿಗೆ ಆ ದಿನ ಬಂದಿತು. ಗುಂಡ್ಲುಪೇಟೆಯಿಂದ ಬಂದ ಬಸ್ಸಿನ ಕಂಡಕ್ಟರು ಶಾಲೆಯ ಬಾಗಿಲಿಗೇ ಬಂದು ಮೇಸ್ತ್ರಿಗಳು ತೀರಿಕೊಂಡ ಸುದ್ದಿ ತಿಳಿಸಿದರು. ನಾನು ಹೋಗಿ ಮುಟ್ಟಿದಾಗ ಹಿತ್ತಲ ತುಂಬ ಜನವಿದ್ದರು. ಬೆಳಿಗ್ಗೆಯೇ ಗೂಡಲೂರಿನ ಬಸ್ಸಿನವರ ಕೈಯಲ್ಲಿ ಮಗಳಿಗೆ ಹೇಳಿಕಳಿಸಿದ್ದರು. ಹಿರಿಯರೊಬ್ಬರು ಮರದ ನೆರಳನ್ನು ನೋಡುತ್ತ, “ಸಂಜೆ ನಮಾಜಿನ ಒಳಗ ಎತ್ಬೇಕು” ಎಂದರು. ನೆರಳು ಗೋಡೆಯನ್ನು ಹತ್ತುತ್ತಿತ್ತು. ನಾನು ಗೂಂಗಾನನ್ನು ಹಿಡಿದು ನಿಂತಿದ್ದೆ.

ಜೀಪಿನ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿತು. ಬಂಪರಿನ ಮೇಲೆ ಕೆಂಪು ಮಣ್ಣು ಮೆತ್ತಿತ್ತು. ಮುರಿದ ಕೊಂಬೆಯೊಂದು ಕಂಬಿಗಳ ನಡುವೆ ಸಿಕ್ಕಿಕೊಂಡೇ ಬಂದಿತ್ತು. ಗಂಡ ಜೀಪು ನಿಲ್ಲಿಸುತ್ತಿದ್ದಂತೆ ಅವರ ಮಗಳು ಇಳಿದು, ಯಾರನ್ನೂ ನೋಡದೆ ನೇರವಾಗಿ ಒಳಗೆ ಹೋದರು. ತಂದೆಯ ಮುಖವನ್ನು ನೋಡಿದರು. ಅವರು ಹೊರಗೆ ಬರುವವರೆಗೆ ಎಲ್ಲರೂ ಕಾದರು.

ಹೊರಬಂದವರು ನನ್ನ ಮುಂದೆ ನಿಂತರು. “ಬಗ್ಗಿದ ತುದಿ ಇಡ್ಕಂಡಿದ್ದೋರು ನೀವೇಯಾ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಗಂಡನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಶವದ ಮಂಚವನ್ನು ಎತ್ತುವಾಗ ಆತ ನನ್ನನ್ನು ಕೈಹಿಡಿದು ಕರೆದು, ಮುಂದಿನ ಕಂಬಿಗೆ ಹೆಗಲು ಕೊಡಿಸಿದ.

ಸ್ಮಶಾನದವರೆಗೆ ಹೆಗಲುಗಳು ಬದಲಾಗುತ್ತಲೇ ಇದ್ದವು. ನನ್ನ ಸರದಿ ಬೀದಿಯ ತಿರುವಿನವರೆಗೆ ಮಾತ್ರ ಇತ್ತು. ಹೆಗಲ ಮೇಲೆ ಭಾರ ಬಿದ್ದಾಗ, ಅವರು ಕಲಿಸಿದ ಅಭ್ಯಾಸದಂತೆ, ಇನ್ನೊಂದು ತುದಿಯಲ್ಲಿರುವವರ ಮುಖ ನೋಡಲು ತಿರುಗಿದೆ. ನಾನು ಬಲ್ಲ ಮುಖ ಅಲ್ಲಿರಲಿಲ್ಲ. ಭುಜ ಸಡಿಲ ಬಿಡದೆ ಮುಂದಕ್ಕೆ ನೋಡಿ ನಡೆದೆ.