ಟಿಕೆಟ್ ಸುತ್ತಿದ ಚಾಕ್‌ಪೀಸ್

ನಿನ್ನೆ ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುವಾಗ ಒಂದು ಮೊಂಡು ಚಾಕ್‌ಪೀಸ್ ಕೈಗೆ ಸಿಕ್ಕಿತು. ಅದಕ್ಕೆ ಸುತ್ತಿದ ಚೀಟಿಯ ಅಚ್ಚು ಅಳಿಸಿಹೋಗಿದೆ. ಆದರೂ ಅದು ಹರಿಹರದ ಬಸ್ ಟಿಕೆಟ್ ಎಂದು ನನಗೆ ಗೊತ್ತು...

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಬೆರಳಿಗೆ ಪುಡಿ ಅಂಟದಿರಲೆಂದು ಅವತ್ತಿನ ಟಿಕೆಟ್ಟನ್ನೇ ಚಾಕ್‌ಪೀಸಿಗೆ ಸುತ್ತಿಕೊಳ್ಳುತ್ತಿದ್ದರು. ಕೆಲಸ ಕಾಯಂ ಅಲ್ಲ, ಅತಿಥಿ ಉಪನ್ಯಾಸಕರು. ಬೋರ್ಡಿನ ಮುಂದೆ ನಿಂತು ಮೊದಲು ಕೇಳುತ್ತಿದ್ದರು, "ಪಾಠ ಮಾಡ್ಲೇನ್ರಿ?" ನಾವು "ಮಾಡ್ರಿ ಸರ್" ಎನ್ನುವವರೆಗೆ ಶುರು ಮಾಡುತ್ತಿರಲಿಲ್ಲ. ಹಿಂದಿನ ಬೆಂಚಿನವರು ಬೇಕಂತಲೇ ರಾಗ ಎಳೆಯುತ್ತಿದ್ದರು.

ಹಾಗೆ ಕೇಳುವ ಅಭ್ಯಾಸದ ಗುಟ್ಟು ತಿಳಿದದ್ದು ಇಂಗ್ಲೆಂಡಿನ ಹಳೆಯ ತತ್ವಜ್ಞಾನಿಯೊಬ್ಬನ ಪಾಠ ಬಂದಾಗ. ಸರ್ಕಾರ ನಿಂತಿರುವುದು ಜನರ ಒಪ್ಪಿಗೆಯ ಮೇಲೆ, ನಂಬಿಕೆ ಕೆಡಿಸಿದರೆ ಅದನ್ನು ಇಳಿಸುವ ಹಕ್ಕೂ ಜನರದ್ದೇ ಎಂದು ಆತ ಬರೆದಿಟ್ಟಿದ್ದ. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಅಮೆರಿಕದವರು ಅದನ್ನು ಹಿಡಿದು ರಾಜನನ್ನೇ ಬೇಡವೆಂದರು. ಆಮೇಲೆ ಫ್ರಾನ್ಸಿನವರೂ ಎದ್ದರು. "ಆತ ಬರೆದು ಹೋದ. ಬಾಯಿ ಬಿಟ್ಟೋರು ಜನ ನೋಡ್ರಿ," ಎಂದಿದ್ದರು ಮೇಷ್ಟ್ರು.

ಆ ಹುರುಪಿನಲ್ಲೇ ನಾವು ಹುಡುಗಿಯರು ಪ್ರಿನ್ಸಿಪಾಲರಿಗೊಂದು ಅರ್ಜಿ ಕೊಟ್ಟೆವು. ನಮ್ಮ ಶೌಚಾಲಯಕ್ಕೆ ತಿಂಗಳುಗಟ್ಟಲೆ ಬೀಗ ಬಿದ್ದಿತ್ತು, ಅದಕ್ಕೆ ಹೆದರಿ ನೀರನ್ನೇ ಕುಡಿಯದೆ ಕೂರುತ್ತಿದ್ದೆವು. ಅರ್ಜಿ ಬರೆದವಳು ನಾನು. ಮೇಷ್ಟ್ರು ಅದನ್ನು ನೋಡಿಯೂ ಇರಲಿಲ್ಲ.

ಮರುದಿನ ಪ್ರಿನ್ಸಿಪಾಲರು ಮೇಷ್ಟ್ರ ಹಿಂದೆಯೇ ಕ್ಲಾಸಿಗೆ ಬಂದರು. "ಇವ್ರೇ ನಿಮ್ ತಲಿ ಕೆಡಿಸಿದ್ದು. ಇವ್ರು ಬೇಕು ಅನ್ನೋರು ಈಗ್ಲೇ ಹೇಳ್ರಿ. ಇಂಟರ್ನಲ್ ಮಾರ್ಕ್ಸ್ ನನ್ ಕೈಯಾಗೈತೆ!"

ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. ಚಾಕ್‌ಪೀಸಿಗೆ ಟಿಕೆಟ್ ಸುತ್ತಿಕೊಂಡು, ಎಂದಿನಂತೆ ಕೇಳಿದರು. "ಪಾಠ ಮಾಡ್ಲೇನ್ರಿ?"

ಎರಡೇ ಮಾತು ಸಾಕಿತ್ತು... ಎಲ್ಲರೂ ಡೆಸ್ಕ್ ನೋಡುತ್ತ ಕೂತಿದ್ದರು, ನಾನೂ ಕೂತೆ. ಅವರು ಹಿಂದಿನ ಬೆಂಚಿನವರೆಗೂ ಒಮ್ಮೆ ನೋಡಿದರು. ಆಮೇಲೆ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, "ಒಪ್ಪಿಗಿ ಇಲ್ದೆ ನಿಲ್ಲಬಾರ್ದು ಬಿಡ್ರಿ," ಎಂದು ಹೊರನಡೆದರು. ಮತ್ತೆ ಕಾಲೇಜಿಗೆ ಬರಲಿಲ್ಲ. ಗಂಟೆ ಹೊಡೆದ ಮೇಲೆ ಆ ಚಾಕ್‌ಪೀಸನ್ನು ನಾನು ಎತ್ತಿಟ್ಟುಕೊಂಡೆ.

ಮುಂದಿನ ವಾರ ಶೌಚಾಲಯದ ಬೀಗ ತೆಗೆದರು. ಎಲ್ಲರ ಜೊತೆ ನಾನೂ ಅಲ್ಲಿ ಸಾಲಿನಲ್ಲಿ ನಿಂತೆ, ನಾಚಿಕೆಯಿಂದ ಸಾಯುವಂತಾಯಿತು.

ಡಿಗ್ರಿ ಮುಗಿದ ಮೇಲೆ ಧೈರ್ಯ ಮಾಡಿ ಹರಿಹರದಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದ ಅವರ ಹೆಂಡತಿ, "ಅವ್ರು ತೀರ್ಕೊಂಡು ಎರಡು ತಿಂಗ್ಳಾತವ್ವ. ಕಾಲೇಜಿನಾಕಿ ಏನು? ಒಳಗ ಬಾ," ಎಂದರು. ಒಳಗೆ ಕೂತು ಚಹಾ ಕುಡಿದೆ. ಅರ್ಜಿ ಬರೆದವಳು ನಾನೇ ಎಂದು ಹೇಳಲು ಅಲ್ಲೂ ಬಾಯಿ ಬರಲಿಲ್ಲ.

ನಿನ್ನೆ ಆ ಚಾಕ್‌ಪೀಸ್ ಹಿಡಿದು ತುಂಬಾ ಹೊತ್ತು ಕೂತಿದ್ದೆ. "ಮಾಡ್ರಿ ಸರ್..." ಎಂದೆ.

"ಏನಂದಿ?" ಎಂದರು ಪಕ್ಕದ ಕೋಣೆಯಿಂದ ನನ್ನ ಗಂಡ.

"ಏನಿಲ್ಲ ಬಿಡ್ರಿ," ಎಂದು ಮತ್ತೆ ಗುಂಡಿ ಹುಡುಕತೊಡಗಿದೆ.