ಪ್ರಭಾವಳಿ ಬೇಡವೆಂದ ಚಿತ್ರ

ಬಂಗಾರದ ಬಣ್ಣದ ಡಬ್ಬಿಯ ಮುಚ್ಚಳ ಇವತ್ತು ಬೆಳಿಗ್ಗೆ ಏನು ಮಾಡಿದರೂ ಬಿಚ್ಚಲೊಲ್ಲದು. ಚಮಚದ ಹಿಡಿಕೆ ಹಾಕಿ ಮೀಟಿದೆ. ಹೆಂಡತಿ ಅಡುಗೆಮನೆಯಿಂದ ಕಣ್ಣು ಬಿಟ್ಟು ನೋಡುತ್ತಿದ್ದಳು, ಚಮಚ ಅವಳದು. ಕೊನೆಗೆ ಮುಚ್ಚಳ ಹಾರಿ, ಟರ್ಪಂಟೈನಿನ ಘಾಟು ಮೂಗಿಗೆ ಬಡಿಯಿತು. ಎದುರಿಗೆ ರೋಜಿ ಟೀಚರ ಅವ್ವನ ಚಿತ್ರ. ಮುಖ ಮುಗಿದಿದೆ, ತಲೆಯ ಹಿಂದೆ ಏನು ಹಾಕುವುದೆಂಬುದು ಬಾಕಿ. ಅಷ್ಟರಲ್ಲಿ ಆ ಘಾಟು ನನ್ನನ್ನು ಹಳೆಯದೊಂದು ಪೇಚಿಗೆ ಎಳೆದುಕೊಂಡು ಹೋಯಿತು.

ನಾನು ಹುನಗುಂದದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಸೂಟಿ ಬಂದರೆ ಶಿರೂರಿನ ಕಡೆ ಬೀರಪ್ಪನ ಗುಡಿಗಳ ಗೋಡೆಗೆ ದೇವರುಗಳನ್ನು ಬರೆಯುತ್ತಿದ್ದೆ. ನೀವು ನಗಬೇಡಿ, ಮುಖ ಸರಿಯಾಗಿ ಬರದಿದ್ದರೂ ತಲೆಯ ಹಿಂದೊಂದು ಬಂಗಾರದ ಪ್ರಭಾವಳಿ ಹಾಕಿಬಿಟ್ಟರೆ ಜನ ಕೈಮುಗಿಯುತ್ತಾರೆ. ನಾನು ಬರೆದ ಎಷ್ಟೋ ದೇವರುಗಳು ಆ ಚಕ್ರದ ಪುಣ್ಯದಿಂದಲೇ ದೇವರಾಗಿ ಉಳಿದುಕೊಂಡಿವೆ.

ರೋಜಿ ಟೀಚರು ನಮ್ಮ ಸಾಲೆಯಲ್ಲೇ ಇದ್ದರು. ಕ್ಯಾಥೊಲಿಕ್ ಮನೆತನ. ಅವರ ಪಡಸಾಲೆಯ ಗೋಡೆಯಲ್ಲಿ ಬೆರಳಿಡಲು ಜಾಗವಿರಲಿಲ್ಲ. ನಡುವೆ ಶಿಲುಬೆ, ಅದರ ಮೇಲೆ ರಕ್ತ ಸುರಿಸುವ ಯೇಸು. ಪಕ್ಕದ ಪಟದಲ್ಲಿ ಎದೆ ತೆರೆದು, ಮುಳ್ಳು ಸುತ್ತಿದ ಹೃದಯವನ್ನು ತೋರಿಸುವ ಯೇಸು. ನೀಲಿ ಸೆರಗಿನ ಮಾತೆ, ಸಾಲಾಗಿ ಸಂತರು, ಎಲ್ಲರಿಗೂ ಚಕ್ರ, ಕೆಳಗೆ ಮೇಣಬತ್ತಿ. ಆ ಗೋಡೆ ನನಗೆ ಪರಕೀಯ ಅನ್ನಿಸಲೇ ಇಲ್ಲ. ನಮ್ಮ ಮನೆಯ ದೇವರ ಜಗಲಿಯೂ ಅಷ್ಟೇ ಇಕ್ಕಟ್ಟು.

ಅವರ ತಂಗಿ ಲಿಲ್ಲಿ ಬೆಂಗಳೂರಿನಲ್ಲಿ ನರ್ಸ್. ಮದುವೆಯಾದ ಮೇಲೆ ಗಂಡನ ಜೊತೆ ಮಾರ್ಮನ್ನರ ಸಭೆಗೆ ಸೇರಿದಳು. ಅವರೂ ಯೇಸುವನ್ನೇ ನಂಬುವವರು, ಆದರೆ ಶಿಲುಬೆ ಇಡುವುದಿಲ್ಲ. ಅಷ್ಟು ಸಾಕಾಯಿತು. ಅಕ್ಕ ತಂಗಿ ಮಾತು ಬಿಟ್ಟರು. ಮೂರು ವರ್ಷ ಲಿಲ್ಲಿ ಮನೆಯ ಹೊಸ್ತಿಲು ತುಳಿಯಲಿಲ್ಲ. ನಡುವೆ ಸಿಕ್ಕವಳು ಅವ್ವ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ. ದಾರ ಕಟ್ಟಿದ ದಪ್ಪ ಚಾಳೀಸಿನೊಳಗೆ ಅವಳ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು.

"ತಮ್ಮಾ, ಕಣ್ಣ ಪೂರ್ತಿ ಹೋಗೂದ್ರಾಗ ಇಬ್ಬರೂ ಒಂದ ಗ್ವಾಡಿ ಮುಂದ ಪ್ರಾರ್ಥನಾ ಮಾಡೂದ ನೋಡ್ಬೇಕು ನಾ," ಅನ್ನುತ್ತಿದ್ದಳು ನನ್ನೆದುರು.

ಆ ವರ್ಷ ಅವ್ವ ಹಟ ಹಿಡಿದು ಲಿಲ್ಲಿಯನ್ನು ಕ್ರಿಸ್‌ಮಸ್ಸಿಗೆ ಕರೆಸಿದಳು. ಬರುವಾಗ ನಿನ್ನ ದೇವರ ಪಟವನ್ನೂ ತಾ, ಗೋಡೆಗೆ ಹಾಕೋಣ ಎಂದಳಂತೆ. ಲಿಲ್ಲಿಯ ಹತ್ತಿರ ಇದ್ದದ್ದು ಅಂಗೈಯಗಲದ ಅಚ್ಚು. ಉಳಿದ ಪಟಗಳ ನಡುವೆ ಸಣ್ಣದಾಗಿ ಕಾಣಬಾರದೆಂದು, ದೊಡ್ಡದಾಗಿ ಬರೆದುಕೊಡಿ ಎಂದು ಅದನ್ನು ನನಗೆ ಕಳಿಸಿದಳು.

ಕೆಂಪು ನಿಲುವಂಗಿಯ ಯೇಸು, ಬಯಲಿನಲ್ಲಿ ನಿಂತು ಮನೆಗೆ ಬಂದವರನ್ನು ಕರೆಯುವಂತೆ ಎರಡೂ ಕೈ ಚಾಚಿದ್ದ. ರಕ್ತವಿಲ್ಲ, ಮುಳ್ಳಿಲ್ಲ, ಚಕ್ರವೂ ಇಲ್ಲ. ಪಾಪ, ಅಚ್ಚು ಹಾಕಿದವರು ಮರೆತಿರಬೇಕು ಅಂದುಕೊಂಡೆ. ಚಿತ್ರ ಮುಗಿಸಿ, ಕೊನೆಗೆ ಧಾರಾಳವಾಗಿ ಒಂದು ಬಂಗಾರದ ಪ್ರಭಾವಳಿ ಎಳೆದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಬ್ಬದ ಹಿಂದಿನ ದಿನ ಅವರ ಪಡಸಾಲೆಯಲ್ಲಿ ಲಿಲ್ಲಿ ಪೇಪರು ಬಿಚ್ಚಿದಳು. ತಲೆಯ ಹಿಂದಿನ ಬಂಗಾರದ ಹತ್ತಿರ ಬೆರಳು ತಂದಳು.

"ಸರ, ಚಕ್ರ ಹಾಕೀರಲ್ರಿ."

"ಇಲ್ಲಂದ್ರ ದೇವರು ಅಂತ ಹೆಂಗ ಗೊತ್ತಾಗಬೇಕವಾ?"

"ನಮ್ಮಲ್ಲಿ ಹಾಕಂಗಿಲ್ರಿ. ಪ್ರಾರ್ಥನಾ ಹಾಲ್‌ನ್ಯಾಗಂತೂ ಒಂದ ಪಟಾನೂ ಇರಂಗಿಲ್ಲ. ಮನ್ಯಾಗ ಹಾಕ್ತೇವಿ, ಜೀವಂತ ಇರೂ ಯೇಸುಂದು. ಈಗ ಬಾಗ್ಲಾ ಬಡದು ಒಳಗ ಬಂದಾನು ಅನ್ನಸ್ಬೇಕ್ರಿ."

ಮೂಲೆಯಲ್ಲಿ ನಿಂತಿದ್ದ ರೋಜಿ ಟೀಚರಿಗೆ ತಡೆಯಲಾಗಲಿಲ್ಲ. ತಂಗಿಗೆ ಹೇಳಬೇಕಾದ್ದನ್ನು ನನಗೆ ಹೇಳಿದರು. "ಸರ, ನಮ್ಮಪ್ಪ ತೀರಿದಾಗ ನಾ ಆ ಶಿಲುಬಿ ಮುಂದ ಕುಂತ ಅತ್ತೇನಿ. ಅಲ್ಲೆ ಆಂವನೂ ನೋವಿನ್ಯಾಗ ಇದ್ದ. ಗಾಯಾನ ಇಲ್ಲದಾಂವ ಹಿಂಗ ಆರಾಮ ನಿಂತ್ರ, ನನ್ನ ಸಂಕಟ ಯಾರ ಮುಂದ ಹೇಳ್ಲಿ?"

ಇಷ್ಟು ವರ್ಷ ಡ್ರಾಯಿಂಗ್ ಕಲಿಸಿದ ನನಗೆ, ಮನುಷ್ಯರಿಗೆ ಪಟ ಯಾಕೆ ಬೇಕು ಎಂದು ಯಾರೂ ಹೀಗೆ ತಿಳಿಸಿ ಹೇಳಿರಲಿಲ್ಲ. ಇಬ್ಬರೂ ಹೇಳಿದ್ದು ಖರೆ. ಅದೇ ತೊಂದರೆ. ಲಿಲ್ಲಿ ಮತ್ತೆ ಪೇಪರು ಸುತ್ತತೊಡಗಿದಳು. ನನ್ನ ಒಂದು ಚಕ್ರದಿಂದ ಆ ಮುದುಕಿಯ ಆಸೆ ಮುರಿದು ಬೀಳುವುದನ್ನು ನೋಡುತ್ತಾ ನನಗೆ ನಿಜಕ್ಕೂ ಸಂಕಟವಾಯಿತು.

"ತಮ್ಮಾ, ತಾ ಇಲ್ಲೆ ಅದನ್ನ," ಎಂದಳು ಅವ್ವ.

ಪಟವನ್ನು ಚಾಳೀಸಿಗೆ ತಾಗುವಷ್ಟು ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದಳು. ಚಾಚಿದ ಅಂಗೈಗಳ ಹತ್ತಿರ ಅವಳ ನೋಟ ನಿಂತಿತು.

"ರೋಜಿ, ಬಾ ಇಲ್ಲೆ. ಕೈಯಾಗ ಮೊಳಿ ಗುರುತ ಅದಾವು ನೋಡು. ಗಾಯ ಮಾಯ್ದಾವು, ಅಷ್ಟ."

ಆ ಚುಕ್ಕೆಗಳನ್ನು ನಾನು ಅಚ್ಚಿನ ಕಲೆ ಅಂದುಕೊಂಡು, ಇದ್ದ ಹಾಗೇ ಬರೆದಿದ್ದೆ. ಈ ಮಾತನ್ನು ಅಲ್ಲಿ ಬಾಯಿ ಬಿಡಲಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

"ಗ್ವಾಡಿ ಮ್ಯಾಲಿಂದು ಶುಕ್ರವಾರದ್ದು," ಎಂದಳು ಅವ್ವ, "ಇದು ಐತಾರದ್ದು. ಸತ್ತದ್ದು ಶುಕ್ರವಾರ, ಎದ್ದದ್ದು ಐತಾರ. ಆಂವ ಮಾತ್ರ ಒಬ್ಬನ ಅದಾನ." ಆಮೇಲೆ ನನ್ನ ಕಡೆ ತಿರುಗಿದಳು. "ಆಕಿದು ಆಕಿ ಹಂಗ ಇರ್ಲಿ. ಚಕ್ರಾ ತಗಿ ತಮ್ಮಾ."

ರೋಜಿ ಟೀಚರು ಒಳಗೆ ಹೋದರು. ಸಿಟ್ಟಿನಿಂದ ಹೋದರು ಅಂದುಕೊಂಡೆ. ಬರುವಾಗ ಅವರ ಕೈಯಲ್ಲಿ ಟರ್ಪಂಟೈನು ಹಾಕಿ ಚಕ್ರ ಒರೆಸಲು ಮೆತ್ತನೆಯ ಹಳೆಯ ಅರಿವೆ ಇತ್ತು, ಇನ್ನೊಂದು ಕೈಯಲ್ಲಿ ಸುತ್ತಿಗೆ ಮತ್ತು ಮೊಳೆ.

ಮರುದಿನ ಸಂಜೆ ಅಕ್ಕ ಜಪಮಾಲೆ ಹಿಡಿದು, ತಂಗಿ ಎದೆಯ ಮೇಲೆ ಕೈಕಟ್ಟಿ, ಒಂದೇ ಗೋಡೆಯ ಮುಂದೆ ನಿಂತರು. ಅವ್ವ ಪಟಗಳ ಕಡೆ ನೋಡಲೇ ಇಲ್ಲ. ಅವರಿಬ್ಬರನ್ನೇ ನೋಡುತ್ತಾ ಕುಳಿತಿದ್ದಳು. ನಾನೂ ಹಿಂದೆ ನಿಂತು ಕೈಮುಗಿದೆ, ಯಾರಿಗೆ ಅಂತ ವಿಚಾರ ಮಾಡಲಿಲ್ಲ.

ಅವ್ವ ಹೋಗಿ ಒಂದು ವರ್ಷವಾಯಿತು. ಅವಳ ಚಿತ್ರ ಬೇಕೆಂದು ಇಬ್ಬರೂ ಕೂಡಿ ಹೇಳಿದ್ದಾರೆ. ಬಂಗಾರದ ಬಣ್ಣದಲ್ಲಿ ಕುಂಚ ಅದ್ದಿದವನು ಇವತ್ತು ತಡೆದೆ. ಈಗ ನಾನು ಕೇಳದೆ ಚಕ್ರ ಹಾಕುವುದಿಲ್ಲ. ಫೋನು ಮಾಡಿದೆ. ಲಿಲ್ಲಿಯೂ ಊರಿಗೆ ಬಂದಿದ್ದಳು. ಸ್ಪೀಕರಿನಲ್ಲಿ ಇಬ್ಬರೂ ಸಿಕ್ಕರು.

"ಅವ್ವಗ ಚಕ್ರ ಹಾಕ್ಲೋ ಬ್ಯಾಡೋ?" ಎಂದೆ. ಒಬ್ಬರು ಹೂಂ, ಒಬ್ಬರು ಉಹೂಂ ಅನ್ನುತ್ತಾರೆಂದು ತಯಾರಾಗಿಯೇ ಇದ್ದೆ.

"ಬ್ಯಾಡ್ರಿ ಸರ," ಎರಡೂ ದನಿ ಒಟ್ಟಿಗೇ ಬಂದವು. ನಗು ಕೇಳಿಸಿತು. ಆಮೇಲೆ ರೋಜಿ ಟೀಚರು ಅಂದರು, "ಚಾಳೀಸ ಹಾಕ್ರಿ. ಅದಿಲ್ಲಂದ್ರ ನಮ್ಮನ್ನ ಹೆಂಗ ನೋಡ್ಬೇಕ್ರಿ ಆಕಿ?"

ಚಾಳೀಸು ಬರೆದೆ, ದಾರವನ್ನೂ ಬರೆದೆ. ಇಷ್ಟು ಒದ್ದಾಡಿ ತೆರೆದ ಡಬ್ಬಿಯನ್ನು ಹಾಗೇ ಮುಚ್ಚಲು ಮನಸ್ಸಾಗಲಿಲ್ಲ. ಚಾಳೀಸಿನ ಎರಡು ಗುಂಡನೆಯ ಅಂಚಿಗೆ, ಯಾರನ್ನೂ ಕೇಳದೆ, ಒಂದೊಂದು ಎಳೆ ಬಂಗಾರ ಹಚ್ಚಿದೆ.