ಮರಿಯಪ್ಪನ ಅಂತ್ರಮುಖಿಗಳು

ತಿಪ್ಪಸಂದ್ರದ ಮರಿಯಪ್ಪ ಮಂಗಳವಾರ, ಶುಕ್ರವಾರ ಜಗಲಿಯ ಮೇಲೆ ಚಾಪೆ ಹಾಸಿ ಕೂತು ಅಂತ್ರ ಕಟ್ಟುತ್ತಾನೆ. ಓದಿದವರು ಯಂತ್ರ ಎನ್ನುತ್ತಾರೆ, ಊರ ಬಾಯಲ್ಲಿ ಅದು ಅಂತ್ರ. ತಾಮ್ರದ ತಗಡಿನ ಮೇಲೆ ಚೌಕದ ಮನೆ ಗೀಚಿ, ಸುರುಳಿ ಸುತ್ತಿ, ಕಪ್ಪು ದಾರದಲ್ಲಿ ತೋಳಿಗೆ ಬಿಗಿಯುವುದು. ಅವನಪ್ಪನೂ ಇದನ್ನೇ ಮಾಡಿದವನು. ಕೆಲವರಿಗೆ ಹಿಡಿಯುತ್ತಿತ್ತು, ಕೆಲವರಿಗೆ ಇಲ್ಲ. ಹಿಡಿಯದವರು ಟೀ ಅಂಗಡಿ ಮುಂದೆ ನಿಂತು ಆಡಿಕೊಳ್ಳುತ್ತಿದ್ದರು. ಯಾಕೆ ಹಿಡಿಯಲಿಲ್ಲ ಎಂಬುದು ನಲವತ್ತು ವರ್ಷ ಅವನ ತಲೆ ಕೊರೆದ ಪ್ರಶ್ನೆ.

ಉತ್ತರ ಬಂದದ್ದು ಒಳಮನೆಯಿಂದ. ಮಗಳು ನವ್ಯಶ್ರೀ ಮಾಗಡಿಯಲ್ಲಿ ಬಿ.ಎಡ್. ಓದುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತೆಂದು ಮನಶ್ಶಾಸ್ತ್ರದ ಪಾಠವನ್ನು ಜೋರಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು. ಮನುಷ್ಯರಲ್ಲಿ ಅಂತರ್ಮುಖಿಗಳು, ಬಹಿರ್ಮುಖಿಗಳು ಎಂದು ಎರಡು ಬಗೆ. ಜಗಲಿಯಲ್ಲಿದ್ದ ಮರಿಯಪ್ಪನ ಕಿವಿ ನೆಟ್ಟಗಾಯಿತು. ಅಂತ್ರಮುಖಿ! ಅಂದರೆ ಅಂತ್ರಕ್ಕೆ ಮುಖ ಮಾಡಿದವರು. ಮಿಕ್ಕವರು ಹೊರಗೆ. ಇಷ್ಟು ಸಲೀಸಾದ ಗುಟ್ಟನ್ನು ಹೇಳಿಕೊಡದೆ ಅಪ್ಪ ಸತ್ತನಲ್ಲ ಎಂದು ಅವನಿಗೆ ಸಿಟ್ಟೇ ಬಂತು.

"ಆ ಎಲ್ಡು ಥರದೋರ್ನೂ ಗುರುತು ಇಡಿಯೋದೆಂಗವ್ವಾ?" ಎಂದು ಕೇಳಿದ.

"ಪ್ರಶ್ನೆ ಕೇಳ್ಬೇಕು ಕಣಪ್ಪ. ಜನ ಸೇರಿದ್ ಕಡೆ ಎಂಗಿರ್ತೀಯ, ಹೊಸಬ್ರ ತಾವ ಮಾತಾಡ್ತೀಯಾ, ಇಂಥವು," ಎಂದಳು ನವ್ಯಶ್ರೀ. ಅಪ್ಪನಿಗೆ ಓದಿನ ಮೇಲೆ ಅಕ್ಕರೆ ಹುಟ್ಟಿತೆಂದು ಅವಳಿಗೆ ಖುಷಿ.

ಮರಿಯಪ್ಪ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಏಳು ಪ್ರಶ್ನೆ ಬರೆದುಕೊಂಡ. ಮೊದಲನೆಯದು, ಮದುವೆ ಮನೆಯಲ್ಲಿ ಎಲ್ಲಿ ಕೂರುತ್ತೀಯ? ಬಸ್ಸು ತಪ್ಪಿದರೆ ಬೈಯುತ್ತೀಯೋ, ಸುಮ್ಮನೆ ನಿಲ್ಲುತ್ತೀಯೋ? ಸಾರಿಗೆ ಉಪ್ಪು ಕಮ್ಮಿಯಾದರೆ ಬಾಯಿಬಿಟ್ಟು ಹೇಳುತ್ತೀಯೋ? ಹೀಗೇ. ಬಂದವರು ಕೆಳಗೆ ಕಲ್ಲಿನ ಮೆಟ್ಟಿಲ ಮೇಲೆ ಕೂತು ಉತ್ತರ ಹೇಳಬೇಕು, ಇವನು ಹಾಳೆಯ ಮೇಲೆ ಗೀಟು ಹಾಕಬೇಕು. ಬಾಯಿಬಡುಕರಿಗೆಲ್ಲ ಅಂತ್ರ ಇಲ್ಲ. ಮರಿಯಪ್ಪ ಪರೀಕ್ಷೆ ಮಾಡಿಯೇ ಕಟ್ಟುವುದು ಎಂದು ಹೆಸರಾಯಿತು, ದೂರುಗಳೂ ನಿಂತವು. ಮಾತಾಡದವರು ಅಂತ್ರ ಹಿಡಿಯದಿದ್ದರೂ ಬಂದು ದೂರುವವರಲ್ಲ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಯುಗಾದಿ ಕಳೆದ ಮೇಲೆ ಕಲ್ಯದಿಂದ ಬೈರಮ್ಮ ಬಂದಳು. ರೇಷ್ಮೆ ಹುಳು ಸಾಕುವ ಹೆಂಗಸು. ಹುಳುವಿನ ಮನೆಯ ಬಾಗಿಲ ತನಕ ಹೋದರೆ ಕಾಲು ಮುಂದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಒಂದು ಬೆಳೆ ಆಗಲೇ ಬಿಟ್ಟಿದ್ದೇನೆ ಎಂದು ನಗುನಗುತ್ತಲೇ ಹೇಳಿದಳು. ಅದೇ ಅವಳ ಬದುಕು. ಅದು ಬಿಟ್ಟರೆ ಅವಳಿಗೆ ಬೇರೆ ಕಸುಬಿಲ್ಲ.

ಮರಿಯಪ್ಪ ಹಾಳೆ ತೆಗೆದ. "ಮದ್ವೆ ಮನೇಲಿ ಎಲ್ಲಿ ಕೂತ್ಕತೀಯವ್ವ?"

ಬೈರಮ್ಮ ಬಿದ್ದು ಬಿದ್ದು ನಕ್ಕಳು. "ನಾನ್ ಓದ್ ಕಡೇನೇ ಮದ್ವೆ ಮನೆ ಬುಡಣ್ಣ!"

ಏಳಕ್ಕೆ ಏಳೂ ಬಹಿರ್ಮುಖಿ. ಇಂಥ ಅಪ್ಪಟ ಬಹಿರ್ಮುಖಿಯನ್ನು ಅವನು ಕಂಡೇ ಇರಲಿಲ್ಲ. "ನಿಂಗೆ ಅಂತ್ರ ಇಡಿಯಾಕಿಲ್ಲ ಕಣವ್ವ," ಎಂದು ಹಾಳೆ ಮಡಚಿದ. "ಅಂತ್ರಕ್ಕೂ ನಾನ್ ಬ್ಯಾಡ್ವಾದ್ನಾ!" ಎಂದು ಇನ್ನೊಮ್ಮೆ ನಕ್ಕು ಬೈರಮ್ಮ ಬಸ್ಸಿಗೆ ಹೋದಳು.

ಎರಡು ತಿಂಗಳ ಮೇಲೆ ಮತ್ತೆ ಬಂದಳು. ಮೆಟ್ಟಿಲ ಮೇಲೆ ಕೂತವಳು ತುಟಿ ಬಿಚ್ಚಲಿಲ್ಲ. ಮರಿಯಪ್ಪ ಏಳು ಪ್ರಶ್ನೆಯನ್ನೂ ಕೇಳಿದ, ಒಂದಕ್ಕೂ ಉತ್ತರವಿಲ್ಲ. ಅವನಿಗೆ ಹಿಗ್ಗೋ ಹಿಗ್ಗು. ತಗಡು ತರುವ ನೆಪದಲ್ಲಿ ಒಳಗೆ ಹೋಗಿ ಮಗಳಿಗೆ ಪಿಸುಗುಟ್ಟಿದ, "ನೋಡವ್ವ, ಎಲ್ಡೇ ತಿಂಗ್ಳಿಗೆ ಈವಮ್ಮ ಅಂತ್ರಮುಖಿ ಆಗ್ಬುಟ್ಟವ್ಳೆ!"

"ಏನ್ ಮುಖಿ?" ಎಂದಳು ನವ್ಯಶ್ರೀ. ಅವನು ಇನ್ನೊಂದು ಸಲ ಹೇಳಿದ. ಅವಳಿಗೆ ಎಲ್ಲ ಅರ್ಥವಾಯಿತು. ನಗುವೂ ಬಂತು, ಸಿಟ್ಟೂ ಬಂತು. "ಅಪ್ಪಾ, ಅದು ಅಂತರ್ಮುಖಿ. ಮನಸು ಒಳಮುಖ ಇರೋರು ಅಂತ. ಅಂತ್ರಕ್ಕೂ ಅದುಕ್ಕೂ ಏನೇನೂ ಸಂಬಂಧ ಇಲ್ಲ. ಅದು ಉಟ್ಟುಗುಣ, ಎಲ್ಡು ತಿಂಗ್ಳಿಗೆಲ್ಲ ಬದಲಾಗಾಕಿಲ್ಲ. ಆವಮ್ಮಂಗೆ ಏನೋ ಆಗೈತೆ. ಓಗಿ ಕೇಳು."

ಮರಿಯಪ್ಪ ಬರಿಗೈಯಲ್ಲಿ ಹೊರಗೆ ಬಂದ. ವಾಪಸ್ಸು ಕಳಿಸಿದವರ ಮುಖಗಳನ್ನು ನೆನೆಯಲು ನೋಡಿದ. ಒಂದೂ ನೆನಪಾಗಲಿಲ್ಲ, ನೆನಪಾದದ್ದು ಗೀಟುಗಳು ಮಾತ್ರ. ಅವನಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಕಣವ್ವ, ನನ್ನ ಪರೀಕ್ಸೆನೇ ಸರಿಯಿರ್ನಿಲ್ಲ. ಆ ರೇಸ್ಮೆ ಉಳಿನ ಮನೇಲಿ ಏನಾಯ್ತು?" ಎಂದು ಕೇಳಿದ.

ಬೈರಮ್ಮ ಚಾಪೆಯ ಮೇಲಿದ್ದ ಕಪ್ಪು ದಾರದ ಉಂಡೆಯನ್ನು ಕೈಗೆತ್ತಿಕೊಂಡಳು. "ನಮ್ಮನೆಯೋರು ಸೊಪ್ಪು ಆಕ್ತಾ ಆಕ್ತಾ ಅಲ್ಲೇ ಬಿದ್ದೋದ್ರು. ಶಿವರಾತ್ರಿಗೆ ಒಂದಿನ ಮುಂಚೆ."

ಮರಿಯಪ್ಪ ಆಗ ಅವಳ ಮುಖ ನೋಡಿದ. ಹಣೆ ಬರಿದಾಗಿತ್ತು, ಕೊರಳೂ ಬರಿದಾಗಿತ್ತು. ಎರಡು ತಿಂಗಳ ಹಿಂದೆಯೂ ಅವು ಹಾಗೆಯೇ ಇದ್ದವು. ಅವತ್ತು ಅವನ ಕಣ್ಣು ಹಾಳೆಯ ಮೇಲಿತ್ತು.

"ಅವತ್ತು ನೀನು ಮೊದ್ಲು ಕೇಳಿದ್ದೇ ಮದ್ವೆ ಮನೇಲಿ ಎಲ್ಲಿ ಕೂತ್ಕತೀಯ ಅಂತ," ಎಂದಳು ಬೈರಮ್ಮ. "ಮುಂಡೇನ ಎಲ್ಲಿ ಕೂರುಸ್ತಾರೆ ಕಣಣ್ಣ? ಅದುಕ್ಕೇ ನಗಾಡ್ಬುಟ್ಟೆ."

ಮರಿಯಪ್ಪ ಕೊಂಚ ಸರಿದು, ಚಾಪೆಯ ಮೇಲೆ ಅವಳಿಗೆ ಜಾಗ ಮಾಡಿದ.